ಕೈ ಒರೆಸುವ ಬಟ್ಟೆ

ಲೋ ಸೋಮಾರಿ,

ಬದುಕಿದ್ದಾಗಲೇ ಅಜ್ಜಿಯ ಒಂದು ಪತ್ರಕ್ಕೂ ಉತ್ತರ ಬರೆದವನಲ್ಲ ನೀನು. ಈಗ ಸತ್ತೆ ಅನ್ನುವ ನೆಪ ಬೇರೆ.

ನೀನು ಹಾರಿಸುತ್ತಿದ್ದ ವಿಮಾನವನ್ನು ರಿಪೇರಿ ಮಾಡುತ್ತಿದ್ದ ನಿನ್ನ ಗೆಳೆಯ ಇವತ್ತು ಬಂದಿದ್ದ. ಬಾಗಿಲ ಹೊರಗೇ ನಿಂತಿದ್ದ. "ಒಳಗೆ ಬಾರೋ, ಕಚ್ಚೋಕೆ ನನಗೆ ಹಲ್ಲೆಲ್ಲಿದೆ" ಅಂದೆ. ನಗಲಿಲ್ಲ. ಜೇಬಿನಿಂದ ಎಣ್ಣೆ ಹತ್ತಿದ ಕೆಂಪು ಚಿಂದಿಯೊಂದನ್ನು ತೆಗೆದ. ನನ್ನ ಹಳೆಯ ಸೀರೆಯದು. ಅರ್ಧಕ್ಕೆ ನಿಂತ ರಿಪೇರಿಗೆ ಗುರುತು ಕಟ್ಟಬೇಕು, ಕೆಂಪು ಕಂಡರೆ ಯಾರೂ ಹಾರಿಸುವುದಿಲ್ಲ ಅಂತ ನೀನೇ ಹರಿದುಕೊಂಡು ಹೋಗಿದ್ದೆಯಲ್ಲ, ಅದೇ.

"ಎಣ್ಣೆ ಪೈಪಿನ ನಟ್ ಇನ್ನೂ ಬಿಗಿ ಮಾಡಿರಲಿಲ್ಲ ಅಜ್ಜಿ. ಶೆಡ್ಡಲ್ಲಿ ಕೈ ಒರೆಸೋಕೂ ಒಂದು ಬಟ್ಟೆ ಇರಲಿಲ್ಲ. ಇದನ್ನೇ ಬಿಚ್ಚಿ ಒರೆಸ್ಕೊಂಡೆ, ಹಾಗೇ ಜೇಬಿಗೆ ಹಾಕ್ಕೊಂಡು ಊಟಕ್ಕೆ ಹೋದೆ. ಕೆಂಪು ಕಾಣಲಿಲ್ಲ, ಕೆಲಸ ಮುಗೀತು ಅಂದ್ಕೊಂಡು ಅವನು ವಿಮಾನ ಹಾರಿಸಿಬಿಟ್ಟ."

ಬೈಯಲೆಂದೇ ಬಾಯಿ ತೆರೆದೆ. ನನ್ನ ಬಾಯಿ ನಿನಗೆ ಗೊತ್ತಲ್ಲ. ಆದರೆ ಬಂದ ಮಾತು, "ಇವತ್ತು ಊಟ ಮಾಡಿದ್ಯೇನೋ?"

"ಅವತ್ತಿಂದ ಅನ್ನ ಸೇರ್ತಿಲ್ಲ ಅಜ್ಜಿ."

ಎದುರಿಗೆ ಕೂತು ಗದರಿಸಿ ಉಣಿಸಿದೆ. ಆಮೇಲೆ, ನೀನು ಬಂದಾಗ ಬೇಕಾಗುತ್ತದೆ ಅಂತ ಒಗೆದು ಮಡಚಿಟ್ಟಿದ್ದ ನಿನ್ನ ಬಿಳಿ ಹೊದಿಕೆಯನ್ನು ತುಂಡುತುಂಡಾಗಿ ಹರಿದು, ಗಂಟು ಕಟ್ಟಿ ಅವನ ಕೈಗಿತ್ತೆ. "ಕೈ ಒರೆಸೋಕೆ ಇದು. ಕೆಂಪನ್ನ ಮುಟ್ಟಿದರೆ ನೋಡು."

ಈಗ ನಿನ್ನ ಹಾಸಿಗೆ ಬರಿದಾಗಿದೆ. "ನನ್ನ ಹೊದಿಕೆ ಯಾಕೆ ಹರಿದೆ" ಅಂತ ಜಗಳವಾಡಬೇಕಿದ್ದರೆ, ಬರುವ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆ.