ಜೋಗುಳದ ಕೊನೆಯ ಚರಣ

ಉಪ್ಪಳ, ಗುರುವಾರ

ಅಮ್ಮನಿಗೆ ದೀಪಶ್ರೀಯ ನಮಸ್ಕಾರ.

ನಾನು ಪ್ರವೀತ್ ಅವರನ್ನು ಮದುವೆಯಾದಂದಿನಿಂದ ಫೋನು ಮಾಡಿದರೆ ಅಪ್ಪನೇ ಎತ್ತಿಕೊಂಡು, ದನಿ ಕೇಳಿದೊಡನೆ ಇಟ್ಟುಬಿಡುತ್ತಾರೆ. ಹಾಗಾಗಿ ಈ ಪತ್ರ.

ಈ ತಿಂಗಳಿಡೀ ಅರಮನೆಯಲ್ಲಿ ಹಳೆಯ ವಸ್ತುಗಳ ಪ್ರದರ್ಶನ ಇದೆ. ಬಂದವರಿಗೆ ವಿವರಿಸುವ ಕೆಲಸ ನನ್ನದು. ನಿನ್ನೆ ಸಂಜೆ ಒಳಾಂಗಣದಲ್ಲಿ ದೀಪ ಹಚ್ಚಿದ್ದರು. ರಾಜಮನೆತನದ ಮರದ ತೊಟ್ಟಿಲು ಯಾರೂ ಮುಟ್ಟದೆಯೇ ಗಾಳಿಗೆ ಮೆಲ್ಲಗೆ ತೂಗುತ್ತಿತ್ತು. ನೋಡುತ್ತಾ ನಿಂತ ನನ್ನ ಬಾಯಿಗೆ ನಿನ್ನ ಜೋಗುಳ ಬಂತು. ಹಾಡುತ್ತಿದ್ದೇನೆಂದು ನನಗೆ ತಿಳಿದದ್ದೇ ಸುತ್ತಲಿನವರು ಮಾತು ನಿಲ್ಲಿಸಿದಾಗ. ಕಂಬ, ದೀಪ, ಜನ ಎಲ್ಲವೂ ತಿಳಿನೀರಿನೊಳಗೆ ಇದ್ದಂತೆ ಕಂಡಿತು. ಕೊನೆಯ ಚರಣ ಬರುವಾಗ ಹಾಡು ನಿಂತುಹೋಯಿತು.

"ಮತ್ತೆ ಎಂತ ಮಗಾ?" ಎಂದು ಒಬ್ಬರು ಅಜ್ಜಿ ಕೇಳಿದರು.

"ಗೊತ್ತಿಲ್ಲ ಅಜ್ಜಿ. ಯಾವಾಗಲೂ ಅಷ್ಟರಲ್ಲಿ ನಂಗೆ ನಿದ್ದೆ ಬರ್ತಿತ್ತು."

ಅವರು ನಗಲಿಲ್ಲ. "ಅಮ್ಮ ಇದ್ದಾರಾ? ಇದ್ರೆ ಈಗಲೇ ಕೇಳಿಟ್ಕೊ" ಎಂದರು.

ತಿಂಗಳ ಕೊನೆಯ ಭಾನುವಾರ ಅಲ್ಲಿ ಹೆಂಗಸರ ಹಾಡುಗಾರಿಕೆ ಇದೆ. ನೀನು ಬಾ. ನೆಕ್ರಾಜೆಯಿಂದ ನಾಯ್ಮಾರ್ಮೂಲೆಯವರೆಗೆ ಬಸ್ಸಿನಲ್ಲಿ ಬಂದರೆ ಸಾಕು, ಅಲ್ಲಿಗೆ ಪ್ರವೀತ್ ಕಾರು ತರುತ್ತಾರೆ. ಅವರೊಡನೆ ಮಾತಾಡಲೇಬೇಕೆಂದಿಲ್ಲ, ಅವರೇ ಹಾಗೆ ಹೇಳಿದ್ದಾರೆ. ದಾರಿಯಲ್ಲಿ ತಿರುವುಗಳಿವೆ, ಮುಂದಿನ ಸೀಟಿನಲ್ಲೇ ಕುಳಿತುಕೋ.

ಜನರ ಮುಂದೆ ಹಾಡುವುದು ಬೇಡವೆನಿಸಿದರೆ ನನ್ನ ಕಿವಿಯಲ್ಲಿ ಹೇಳಿಕೊಡು. ನನಗದು ಬೇಗ ಬೇಕಾಗುತ್ತದೆ ಅಮ್ಮ. ಡಾಕ್ಟರು ಮಕರ ಸಂಕ್ರಾಂತಿಯ ಆಸುಪಾಸು ಎಂದಿದ್ದಾರೆ.

ನಿನಗೆ ಸರಿಕಂಡಾಗ ಅಪ್ಪನಿಗೂ ತಿಳಿಸು.

ನಿನ್ನ
ದೀಪು