ಮಹಾನಂದಾ ಅಜ್ಜಿಗೆ, ಡಿಸ್ಕು ಕೊಳ್ಳುವ ಮುನ್ನ

ಬೀದರ, ೨೩೬೪ನೆಯ ಇಸವಿ, ಹದಿಮೂರನೆಯ ತಿಂಗಳು, ನಲವತ್ತೊಂದನೆಯ ದಿನ

ಹನ್ನೆರಡು ತಲೆಮಾರಿನಾಚೆಯ ಅಜ್ಜಿ ಮಹಾನಂದಾ ಅವರಿಗೆ, ನಿಮ್ಮ ಕುಡಿ ಭಾಗೀರಥಿಯ ವಿಜ್ಞಾಪನೆ.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ನಮ್ಮ ಹಿರಿಯರು ಇನ್ನೊಂದು ತಿಂಗಳು ಹೊಲಿದು ಸೇರಿಸಿದರು. ನನ್ನ ಕೆಲವು ಶಬ್ದ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ; ನಿಮ್ಮ ಟೆರಾಬೈಟೂ ನಮಗೆ ಯಾವುದೋ ಹಳೆಯ ತಿಂಡಿಯ ಹೆಸರಿನಂತೆ ಕೇಳುತ್ತದೆ. ಈ ಪತ್ರ ಹಿನ್ನಂಚೆಯಲ್ಲಿ ಬರುತ್ತಿದೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ ಅದು. ಮನೆತನಕ್ಕೆ ಒಂದೇ ಸಲ. ನಮ್ಮ ಸರದಿಯನ್ನು ಒಂದು ಹಾರ್ಡ್ ಡಿಸ್ಕಿಗಾಗಿ ಕಳೆಯುತ್ತೇನೆ ಎಂದಾಗ ಗುಮಾಸ್ತ ನಕ್ಕ. ಕಾರಣ ಕೇಳಿದ ಮೇಲೆ ನಗಲಿಲ್ಲ. ಮುದ್ರೆ ಹಿಡಿದು ಮನೆಗೇ ಬಂದು ಕುಳಿತಿದ್ದಾನೆ.

ನೀವು ಅಳೆದು ನಕ್ಷೆ ಬರೆದ ನೆಲದಡಿಯ ಸುರಂಗವೇ ಈಗ ಊರಿಗೆ ನೀರು ಕೊಡುವುದು. ನಿನ್ನೆ ಬೆಳಿಗ್ಗೆ ಹೂಳು ತೆಗೆಯಲು ನನ್ನ ಗಂಡ ಸಂಗಶೆಟ್ಟಿ ಮತ್ತು ನಾಲ್ವರು ಇಳಿದರು. ಅವರ ಹಿಂದೆ ಚಾವಣಿ ಕುಸಿಯಿತು, ಮುಂದೆ ಬಂಡೆ. ಮೇಲಿನಿಂದ ಸುರಂಗಕ್ಕೆ ಇಳಿಯುವ ಒಂದು ಹಳೆಯ ಗಾಳಿಬಾವಿ ಎಲ್ಲೋ ಮುಚ್ಚಿಹೋಗಿದೆ; ಅದನ್ನು ಅಗೆದು ತೆರೆದರೆ ಅವರನ್ನು ಮೇಲೆತ್ತಬಹುದು. ಎಲ್ಲಿ ಎಂಬುದು ನಿಮ್ಮ ನಕ್ಷೆಗೆ ಮಾತ್ರ ಗೊತ್ತು. ತಪ್ಪು ಜಾಗ ಅಗೆದರೆ ಒಂದು ದಿನ ಹೋಯಿತು. ಒಳಗಿನ ಗಾಳಿ ಇರುವುದು ಇಂದಿನ ಸಂಜೆಯವರೆಗೆ. ಸುರಂಗದ ನೆಲಗುಂಟ ಹಾಸಿದ ಮಾತಿನ ತಂತಿ ಮಾತ್ರ ತುಂಡಾಗಿಲ್ಲ.

"ಭಾಗಿ, ನಕ್ಷಾ ಸಿಕ್ತೇನು?"

"ಹುಡುಕ್ಲಿಕತ್ತೀನಿ. ನೀ ಸುಮ್ಕ ಕೂಡು, ಮಾತಾಡಿ ಗಾಳಿ ಖರ್ಚ ಮಾಡಬ್ಯಾಡ."

"ಇಪ್ಪತ್ತು ವರ್ಷದಿಂದ ಸುಮ್ಕ ಕೂಡು ಅಂತಿ. ಇವತ್ತೊಂದಿನ ಕಾರಣ ಛಲೋ ಅದ ನೋಡು."

ನಿಮ್ಮ ಡಿಸ್ಕು ಊರಿನ ಹಳೆಯ ದಾಖಲೆ ಕಾಯುವ ನೆನಪುಮನೆಯಲ್ಲಿತ್ತು. ಅದರಲ್ಲಿ ಮೊದಲು ತೆರೆದದ್ದು ನಿಮ್ಮ ದಿನಚರಿ. ಮೂರು ಡಿಸ್ಕುಗಳ ಮುಂದೆ ನೀವು ತಾಸುಗಟ್ಟಲೆ ನಿಂತದ್ದು, ಅಂಗಡಿಯವನು ಬೇಸತ್ತದ್ದು, ಎಲ್ಲ ಬರೆದಿಟ್ಟಿದ್ದೀರಿ. "ಅಕ್ಕೋರೆ, ಇದು ಓಡೂದಿಲ್ರಿ, ಹಾರ್ತದ. ಅದು ಸಣ್ದು, ಭಾಳ ಸಾವಕಾಶ, ಖರೆ ಐದು ವರ್ಷ ಗ್ಯಾರಂಟಿ ಅದ. ಇದು ನೋಡ್ರಿ, ನಿಮ್ಮ ಇಡೀ ಓಣಿನೇ ಹಿಡಿಸ್ತದ." ನೀವು ಓಣಿ ಹಿಡಿಸುವುದನ್ನೇ ತಂದಿರಿ. ತಂಗಿಯ ಮದುವೆಯ ವಿಡಿಯೊ ಹನ್ನೊಂದು ತಾಸು, ಅದರ ಬೆನ್ನಿಗೆ ಸುರಂಗದ ನಕ್ಷೆ.

ಇನ್ನು ನನ್ನ ತಪ್ಪು. ನಾವು ಬಳಸುವ ನೆನಪುಗಲ್ಲುಗಳಲ್ಲಿ ಅಲ್ಲಾಡುವ ಭಾಗವೇ ಇಲ್ಲ. ಓದುವಾಗ ಕಲ್ಲು ತಡವರಿಸಿದರೆ ಬೆರಳ ಗೆಣ್ಣಿನಿಂದ ಮೂರು ಸಲ ಬಡಿದು ಎಬ್ಬಿಸುವುದು ವಾಡಿಕೆ. ನಿಮ್ಮ ಡಿಸ್ಕಿನೊಳಗೆ ತಟ್ಟೆ ತಿರುಗುತ್ತದೆ, ಕೂದಲೆಳೆಯೂ ತೂರದಷ್ಟು ಹತ್ತಿರದಲ್ಲಿ ಓದುವ ಮುಳ್ಳು ತೇಲುತ್ತದೆ ಎಂದು ನನಗೆ ಯಾರು ಹೇಳಿದ್ದರು? ನಕ್ಷೆ ಅರ್ಧ ಮೂಡಿ ನಿಂತಿತು. ಬಡಿದೆ. ಕರ್ರ್ ಎಂದಿತು. ಆಮೇಲೆ ಏನೂ ಅನ್ನಲಿಲ್ಲ. ಅಷ್ಟರಲ್ಲಿ ಮದುವೆ ಪೂರ್ತಿ ಇಳಿದಿತ್ತು, ಬೀಗರ ಊಟದವರೆಗೂ. ನಕ್ಷೆಯ ಸುರಂಗ ಆರನೆಯ ಗಾಳಿಬಾವಿಗೆ ನಿಂತಿತು. ಸಂಗಶೆಟ್ಟಿ ಇರುವುದು ಎಂಟರಾಚೆ.

ನಮ್ಮಲ್ಲಿ ಕಲ್ಲು ಕೊಳ್ಳುವವರು ಬಾಳಿಕೆ, ಬಿರುಸು, ಬಯಲು ಎಂದು ಮೂರು ಗುಣ ನೋಡುತ್ತಾರೆ. ಬಿರುಸು ಓದುವ ವೇಗ, ಬಯಲು ಒಳಗಿನ ಜಾಗ. ಮೂರೂ ಒಂದರಲ್ಲೇ ಬೇಕೆಂದವರಿಗೆ ಕಲ್ಲು ಮಾರುವವಳು "ಕಲ್ಲ ಬೇಕೋ, ಅಳಿಯ ಬೇಕೋ?" ಅನ್ನುತ್ತಾಳೆ. ಓಡಿದ್ದು ಎಡವೀತು, ಉಬ್ಬಿದ್ದು ಒಡೆದೀತು, ಉಳಿದದ್ದಷ್ಟೇ ನೆನಪಾದೀತು ಎಂದು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆದರೆ ಬಾಳಿಕೆಯನ್ನೂ ಒಂದೇ ಡಬ್ಬಿಯಲ್ಲಿ ನಂಬಬೇಡಿ. ಗ್ಯಾರಂಟಿಯವರು ಹೊಸ ಡಬ್ಬಿ ಕೊಡುತ್ತಾರೆ, ಹಳೆಯ ನಕ್ಷೆ ಕೊಡುವುದಿಲ್ಲ. ಎಂಥ ಗಟ್ಟಿ ಡಿಸ್ಕಿಗೂ ನನ್ನಂಥ ಒಬ್ಬಳು ಸಾಕು.

ಆದ್ದರಿಂದ ಅಜ್ಜಿ, ಮದುವೆಗೆ ಆ ದೊಡ್ಡದು ಬೇಕಾದರೆ ಇರಲಿ. ಅದರ ಜೊತೆ ಆ ಸಣ್ಣ, ಸಾವಕಾಶದ ಡಿಸ್ಕನ್ನೂ ಕೊಳ್ಳಿ. ನಕ್ಷೆಯನ್ನು ಅದರಲ್ಲೂ ತುಂಬಿ, ಪೂರ್ತಿ ಬಂದಿದೆಯೇ ಎಂದು ತೆರೆದು ನೋಡಿ. ಆಮೇಲೆ ಮೇಣದ ಬಟ್ಟೆಯಲ್ಲಿ ಸುತ್ತಿ, ನಿಮ್ಮ ಮನೆಯ ಪಡುವಣ ಗೋಡೆಯ ಗೂಡಿನ ಹಿಂದೆ ಇಟ್ಟು ಗಾರೆಯಿಂದ ಮುಚ್ಚಿಸಿ. ಆ ಕೆಂಪು ಕಲ್ಲಿನ ಗೋಡೆ ಇನ್ನೂ ನಿಂತಿದೆ. ನಾನು ಅದಕ್ಕೆ ಬೆನ್ನು ಕೊಟ್ಟೇ ಬರೆಯುತ್ತಿದ್ದೇನೆ.

ಬಾಗಿಲಲ್ಲಿ ಅಗೆಯುವವರು ಕಾಯುತ್ತಿದ್ದಾರೆ. ತಂತಿಯಲ್ಲಿ ಈಗ ಉಸಿರು ಮಾತ್ರ ಕೇಳುತ್ತದೆ. ಮುದ್ರೆ ಬಿದ್ದ ಕ್ಷಣ ಈ ಪತ್ರ, ನೀವು ಅಂಗಡಿಗೆ ಹೊರಡುವ ಮುನ್ನವೇ, ನಿಮ್ಮ ಕೈ ಸೇರುತ್ತದಂತೆ. ಬರೆಯಲು ಕೂರುವ ಮೊದಲು ಗೂಡಿನ ಹಿಂದೆ ಹಾರೆಯಿಂದ ಕುಟ್ಟಿ ನೋಡಿದೆ. ಗಟ್ಟಿ ಸದ್ದು ಬಂತು. ಮುದ್ರೆ ಬಿದ್ದ ಮೇಲೆ ಇನ್ನೊಮ್ಮೆ ಕುಟ್ಟುತ್ತೇನೆ. ಟೊಳ್ಳು ಸದ್ದು ಬರುವಂತೆ ಮಾಡಿ, ಅಜ್ಜಿ.