ವಸ್ತಿ ಹಾಕಿದ ಕತೆಗೆ ನೀತಿ ಹೇಳಿ ಹೋದ ಶಾಲಾ ತನಿಖಾಧಿಕಾರಿಗಳಿಗೆ

ಮಾನ್ಯ ತನಿಖಾಧಿಕಾರಿಗಳೇ,

ಕಳೆದ ಮಾರ್ಚಿನಲ್ಲಿ ತಾವು ಖಾನಾಪುರದ ಆಚೆ, ಮಲಪ್ರಭೆಯ ದಂಡೆಯ ನಮ್ಮೂರ ಸಾಲೆಗೆ ಬಂದು, ಅರ್ಧ ಕತೆ ಕೇಳಿ, ಪೂರ್ತಿ ನೀತಿ ಹೇಳಿ, ಚಹಾ ಕುಡಿದು ಜೀಪು ಹತ್ತಿದಿರಿ. ಆ ನೀತಿಯ ಫಲವಾಗಿ, ಏಳನೆಯ ಇಯತ್ತೆ ಪಾಸಾದ ಸತ್ಯವ್ವ ಎಂಬ ಹುಡುಗಿ ಈ ಜೂನಿನಲ್ಲಿ ಖಾನಾಪುರದ ಹೈಸ್ಕೂಲಿಗೆ ಹೋಗದೆ ಮನೆಯಲ್ಲಿ ಕುಳಿತಿದ್ದಾಳೆ. ಇದು ನನ್ನ ತಕರಾರು. ತಮ್ಮ ಕಚೇರಿಗೆ ಎರಡು ಸಲ ಬಂದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಮೀಟಿಂಗು ಇನ್ನೂ ಮುಗಿದಿರಲಿಕ್ಕಿಲ್ಲವೆಂದು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಮೀಟಿಂಗಿನಲ್ಲಿ ಪತ್ರಿಕೆ ಓದುತ್ತಾರೆಂದು ಕೇಳಿದ್ದೇನೆ.

ತಮಗೆ ನೆನಪಾಗಲಿ ಎಂದು ಆ ದಿನದ ಕತೆಯನ್ನು ಮೊದಲಿನಿಂದ ಹೇಳುತ್ತೇನೆ. ಮೊದಲಿನಿಂದ ಕೇಳುವುದು ತಮಗೆ ರೂಢಿಯಿಲ್ಲ, ಆದರೂ ತಾಳ್ಮೆ ಇರಲಿ. ನಮ್ಮ ಸಾಲೆಯ ಶಿಕ್ಷಕಿ ಮುನವ್ವರಾ ಬೆಳಗಾವಿ ಕೋಟೆಯ ಕಡೆಯವರು. ಮನೆಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿ, ಸಾಲೆಯಲ್ಲಿ ಅಚ್ಚ ಕನ್ನಡ. ಮಕ್ಕಳಿಗೆ ಖಂಡಗಳು, ಸಾಗರಗಳು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೆ ಅವರು ಅಮೇಲಿಯಾ ಇಯರ್‌ಹಾರ್ಟ್ ಎಂಬ ವಿಮಾನಗಾರ್ತಿಯ ಕತೆ ಹಿಡಿದರು. ೧೯೩೭ರಲ್ಲಿ ಭೂಮಿಯ ನಡುವಿನ ಸುತ್ತಳತೆ ಹಿಡಿದು ಹೊರಟವಳು, ಆಫ್ರಿಕಾ ದಾಟಿ, ಕರಾಚಿಯಲ್ಲಿ ಇಳಿದು, ಕಲಕತ್ತೆಯ ಮಳೆಯಲ್ಲಿ ತೊಯ್ದ ನೆಲದಿಂದ ಮೇಲೆದ್ದು ಪೂರ್ವಕ್ಕೆ ಹೋದವಳು. ಅವಳ ಹಿಂದೆ ಹೋದರೆ ಯಾವ ಮಗುವಿಗೆ ಸಮುದ್ರದ ಹೆಸರು ಮರೆತೀತು? ಭೂಮಿಯ ಗೋಲ ಕಳಿಸಿರೆಂದು ಇಲಾಖೆಗೆ ಬರೆದು ಬರೆದು ಬೇಸತ್ತಿದ್ದರಿಂದ ಖಾನಾಪುರದ ಕುಂಬಾರರಿಂದ ಒಂದು ಗಡಿಗೆ ತಂದು, ಬೋರಲು ಹಾಕಿ, ಅದರ ಮೇಲೆ ಸುಣ್ಣದಲ್ಲಿ ದೇಶಗಳನ್ನು ಬರೆಸಿದ್ದರು.

ನಾನು ಅಜ್ಜಿಯ ಮಗ್ಗುಲಲ್ಲಿ ಕತೆ ಕಲಿತವನು. ವಾರಕ್ಕೊಮ್ಮೆ ಸಾಲೆಗೆ ಹೋಗಿ ಹೇಳುತ್ತೇನೆ. ಹಿಂದಿನ ದಿನ ಮುನವ್ವರಾ ಅಕ್ಕೋರು ನನ್ನನ್ನು ಕೇಳಿದರು: “ಕಾಕಾ, ಆಕಿ ವಿಮಾನ ಸಮುದ್ರದ ಮ್ಯಾಲೆ ಕಾಣದಂಗ ಆತು. ಇವತ್ತಿಗೂ ಸಿಕ್ಕಿಲ್ಲ. ಮಕ್ಕಳಿಗೆ ಹೆಂಗ ಹೇಳಲಿ?”

“ಮುಂದ ಏನರ ಐತೇನ್ರಿ?” ಎಂದೆ.

“ಐತ್ರಿ. ಇಪ್ಪತ್ತೇಳು ವರ್ಷ ಆದ ಮ್ಯಾಲೆ ಇನ್ನೊಬ್ಬಾಕಿ ಹೊಂಟಳು. ಆಕಿ ತಿರುಗಿ ಬಂದಳು.”

“ಹಂಗಾರ ವಿಮಾನ ಕಾಣದಂಗ ಆತಲ್ಲ, ಅಲ್ಲೇ ವಸ್ತಿ ಹಾಕ್ರಿ. ನಾಳಿ ಮುಂದಿಂದು ಹೇಳ್ರಿ. ರಾತ್ರಿಯೆಲ್ಲಾ ಮಕ್ಕಳು ಆಕಿನ್ನ ಹುಡುಕಲಿ.”

ವಸ್ತಿ ಎಂದರೇನೆಂದು ತಮಗೆ ಹೇಳಬೇಕಾದೀತು. ಸಂಜೆ ನಮ್ಮೂರಿಗೆ ಬರುವ ಬಸ್ಸು ರಾತ್ರಿ ಇಲ್ಲೇ ನಿಂತು ಬೆಳಗ್ಗೆ ಮುಂದೆ ಹೋಗುತ್ತದೆ. ಅದು ವಸ್ತಿ ಬಸ್ಸು. ದೊಡ್ಡ ಕತೆಗಳನ್ನೂ ನಾವು ಹಾಗೆಯೇ ನಿಲ್ಲಿಸುತ್ತೇವೆ. ಬಸ್ಸು ನಿಂತಿತೆಂದು ರಸ್ತೆ ಮುಗಿಯಿತು ಎನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಹಾಗೆನ್ನುವವರು ಬೆಳಗಾವಿಯಿಂದ ಜೀಪಿನಲ್ಲಿ ಬರಬೇಕಾಯಿತು.

ತಾವು ಬಂದಾಗ ನಾನೂ ಹಿಂದೆ ಕುಳಿತಿದ್ದೆ. ಅಕ್ಕೋರು ಕತೆ ಹೇಳುತ್ತಿದ್ದರು, ಮಕ್ಕಳು ಮಾತುಮಾತಿಗೂ “ಹೂಂ” ಎನ್ನುತ್ತಿದ್ದರು. ಹೂಂ ಎನ್ನುವವರಿಲ್ಲದೆ ಕತೆ ನಡೆಯುವುದಿಲ್ಲ. ಹೂಂ ನಿಂತರೆ ಹೇಳುವವನು ಎಲ್ಲೋ ದಾರಿ ತಪ್ಪಿದ್ದಾನೆಂದು ಅರ್ಥ. ತಾವು ಬಾಗಿಲಲ್ಲಿ ನಿಂತು “ಇದೇನು ಗದ್ದಲ?” ಎಂದಿರಿ. ಬಳಿಕ ತಮ್ಮ ಕಣ್ಣು ಗಡಿಗೆಯ ಮೇಲೆ ಬಿತ್ತು. ಮಕ್ಕಳೆಲ್ಲ ಕೇಳುವಂತೆ ತಿದ್ದಿದಿರಿ: “ಇದು ತಪ್ಪು. ಭೂಮಿಗೆ ಬಾಯಿ ಇರುವುದಿಲ್ಲ.”

ಸತ್ಯವ್ವ ಎದ್ದು ನಿಂತಳು. “ಖರೇ ರೀ ಸಾಹೇಬ್ರ. ಬಾಯಿ ಇದ್ದಿದ್ದರ ಗೋಲ ಯಾಕ ಬಂದಿಲ್ಲಂತ ಅದೇ ಕೇಳತಿತ್ತು.”

ಮಕ್ಕಳು ನಕ್ಕರು. ನಾನೂ ನಕ್ಕೆ. ತಮ್ಮ ಡ್ರೈವರ್ ನಕ್ಕದ್ದು ತಮಗೆ ಕಾಣಲಿಲ್ಲ, ಅವನ ನೌಕರಿಯ ದೃಷ್ಟಿಯಿಂದ ಒಳ್ಳೆಯದೇ ಆಯಿತು. ತಾವು ಮಾತ್ರ ನಗಲಿಲ್ಲ. ಕೆಂಪಗಾಗಿ ಅಕ್ಕೋರಿಗೆ, “ಎಲ್ಲಿಗೆ ಬಂತು ನಿಮ್ಮ ಕತೆ?” ಎಂದಿರಿ. ವಿಮಾನ ಕಾಣೆಯಾದಲ್ಲಿಗೆ ಬಂದಿದೆ ಎಂದು ಅವರೆಂದರು. “ನಾಳೆ...” ಎಂದು ಬಾಯಿ ತೆರೆದವರನ್ನು ಕೈಯೆತ್ತಿ ತಡೆದಿರಿ. ಸತ್ಯವ್ವನ ಕಡೆ ತಿರುಗಿ ನುಡಿದಿರಿ: “ನೀತಿ ಕೇಳಿಕೋ. ತನ್ನ ಮಿತಿ ಮೀರಿ ಹಾರಿದ ಹೆಣ್ಣಿಗೆ ಸಮುದ್ರವೇ ಗತಿ. ಮಾತು ಬಲ್ಲ ಹುಡುಗಿಯರು ಇದನ್ನು ಬಾಯಿಪಾಠ ಮಾಡಬೇಕು.”

ಒಂದು ಮಗುವೂ ಹೂಂ ಅನ್ನಲಿಲ್ಲ. ಅಲ್ಲಿದ್ದವರಿಗೆಲ್ಲ ಅದರ ಅರ್ಥ ತಿಳಿಯಿತು. ತಾವು ಮಾತ್ರ ಸುತ್ತ ನೋಡಿ ತಲೆದೂಗಿ, ಭೇಟಿಯ ಪುಸ್ತಕದಲ್ಲಿ “ಶಿಸ್ತು ತೃಪ್ತಿಕರ” ಎಂದು ಬರೆದಿರಿ.

ಸಾಹೇಬರೇ, ಮಕ್ಕಳ ಮುಂದೆ ಮುಗ್ಗರಿಸಿದ ದೊಡ್ಡವರು ಬಹಳ ಮಂದಿ ಇದ್ದಾರೆ. ಎದ್ದು, ಧೂಳು ಝಾಡಿಸಿ ನಡೆದರೆ ಆಯಿತು. ತಾವು ಮುಗ್ಗರಿಸಿದ ಕಲ್ಲನ್ನು ಸಮುದ್ರಕ್ಕೆ ಎಸೆಯಹೊರಟಿರಿ. ಒಂದು ಹುಡುಗಿಯ ಎದುರುತ್ತರಕ್ಕೆ ಉತ್ತರ ತೋಚದಿದ್ದಾಗ ಸತ್ತವಳೊಬ್ಬಳನ್ನು ಎಳೆತಂದು ಹೆದರಿಸುವುದಕ್ಕೆ ಶಿಕ್ಷಣ ಇಲಾಖೆಯಲ್ಲಿ ಏನೆನ್ನುತ್ತಾರೋ ನಾನರಿಯೆ. ನಮ್ಮಲ್ಲಿ ಗುಮ್ಮನನ್ನು ಕರೆಯುವುದು ಎನ್ನುತ್ತಾರೆ. ಅದನ್ನು ಎರಡು ವರ್ಷದ ಕೂಸು ಊಟ ಮಾಡದಿದ್ದಾಗ ಮಾಡುತ್ತಾರೆ, ಸಂಬಳ ತೆಗೆದುಕೊಳ್ಳುವುದಿಲ್ಲ.

ಇಷ್ಟೇ ಆಗಿದ್ದರೆ ನಾವು ಕಟ್ಟೆಯ ಮೇಲೆ ಕುಳಿತು ನಕ್ಕು ಬಿಡುತ್ತಿದ್ದೆವು. ಆದರೆ ತಾವು ಬರುತ್ತೀರೆಂದು ಸಾಲೆಯ ಒಡೆದ ಹಂಚು ಬದಲಿಸಲು ಅಂದು ಮಾಡಿನ ಮೇಲೆ ಒಬ್ಬ ಹತ್ತಿದ್ದ. ಹಂಚಿನ ಭಟ್ಟಿಯಲ್ಲಿ ಕೆಲಸ ಮಾಡುವ ಮೈಲಾರಲಿಂಗ, ಸತ್ಯವ್ವನ ಅಪ್ಪ. ತೆರೆದ ಹಂಚಿನ ಸಂದಿಯಿಂದ ತಮ್ಮ ಮಾತು ಒಂದಕ್ಷರ ಬಿಡದೆ ಅವನಿಗೆ ಕೇಳಿಸಿತು. ಮಗಳನ್ನು ಹೈಸ್ಕೂಲಿಗೆ ಕಳಿಸುವೆನೆಂದು ಅಕ್ಕೋರಿಗೆ ಮಾತು ಕೊಟ್ಟವನು ಅಂದು ಮಾಡಿನಿಂದ ಇಳಿದಾಗ ಬೇರೆಯೇ ಮನುಷ್ಯನಾಗಿದ್ದ.

ಮರುದಿನ ಅಕ್ಕೋರು ಕತೆಯನ್ನು ಮುಂದುವರಿಸಿದರು. ೧೯೬೪ರಲ್ಲಿ ಜೆರಿ ಮಾಕ್ ಎಂಬ ಮೂರು ಮಕ್ಕಳ ತಾಯಿ ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಒಬ್ಬಳೇ ಹೊರಟು, ದಿಲ್ಲಿ ಕಲಕತ್ತೆಗಳಲ್ಲಿ ಇಳಿದು, ಅದೇ ಮಹಾಸಾಗರ ದಾಟಿ, ಹೊರಟಲ್ಲಿಗೇ ಮುಟ್ಟಿದಳು. ಮಕ್ಕಳು ಹೂಂ ಎಂದದ್ದು ಹೊಳೆಯ ಆಚೆ ದಂಡೆಗೆ ಕೇಳಿಸಿರಬೇಕು. ಆದರೆ ಆ ದಿನ ಮಾಡಿನ ಮೇಲೆ ಯಾರೂ ಇರಲಿಲ್ಲ. ಹಂಚಿನ ಕೆಲಸ ಮುಗಿದಿತ್ತು.

ನಾನು ಅವನ ಮನೆಗೆ ಹೋದೆ. “ಅದು ಕತಿ ತುದಿ ಅಲ್ಲೋ ಮೈಲಾರಿ, ವಸ್ತಿ ಹಾಕಿದ್ದು,” ಎಂದೆ.

“ನಿಮಗ ಅದು ಕತಿ ಕಾಕಾ, ನನಗ ಮಗಳು,” ಎಂದ. “ಖಾನಾಪುರದ ಬಸ್ಸಿನ್ಯಾಗ ಒಬ್ಬಾಕಿ ಹೋಗಿ ಬರಬೇಕು. ನಾಳಿ ಏನರ ಹೆಚ್ಚುಕಮ್ಮಿ ಆತಂದ್ರ ಮಂದಿ ಏನಂತಾರ? ಸಾಹೇಬ್ರು ಮೊದಲ ಹೇಳಿದ್ರು, ಅಪ್ಪ ಕಿವಿಗೆ ಹಾಕ್ಕೊಳ್ಳಲಿಲ್ಲ ಅಂತಾರ.”

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವನ ತಾಯಿ ಭರಮವ್ವನ ಕೈ ನಿಂತಿತು. “ಹೌದಲ್ಲೋ, ಆ ಮೊದಲನೇದಾಕಿ ಸಂಗಾಟ ದಾರಿ ತೋರಸಾಕ ಒಬ್ಬ ಗಂಡಸು ಇದ್ದನಂತಲ್ಲ? ಅವನೂ ಕಾಣಲಿಲ್ಲಂತಲ್ಲ? ಹಂಗಾರ ನಾಳಿಂದ ನೀನೂ ಭಟ್ಟಿಗೆ ಹೋಗಬ್ಯಾಡ, ಮನ್ಯಾಗ ಕುಂದರು. ನಾನು ರೊಟ್ಟಿ ಹಾಕತೀನಿ.”

“ಯವ್ವಾ, ಸಾಹೇಬ್ರು ಕಲತವರು.”

“ಕಲತಾರ, ಕಲತಾರ. ಅರ್ಧಾ ಕಲತು ಬಿಟ್ಟಾರ.”

ಭರಮವ್ವನ ಪ್ರಶ್ನೆಯನ್ನು ತಮ್ಮ ಮುಂದೆಯೇ ಇಡುತ್ತೇನೆ. ಆ ವಿಮಾನದಲ್ಲಿದ್ದ ಗಂಡಸು ಯಾವ ಮಿತಿ ಮೀರಿದ್ದ? ಹಡಗು ಮುಳುಗಿ ಸತ್ತ ಗಂಡಸರ ಲೆಕ್ಕ ಯಾರ ಬಳಿಯಿದೆ? ಅವರಿಗೆ ಸಾಹಸಿಗಳೆಂದು ಹೆಸರು, ಊರಿಗೊಂದು ಪ್ರತಿಮೆ. ಹೆಂಗಸು ಮುಳುಗಿದರೆ ಮಾತ್ರ ಸಮುದ್ರಕ್ಕೆ ನೀತಿ ಬೋಧಿಸುವ ಕೆಲಸ ಹತ್ತುತ್ತದೆಯೇ? ಅದೇ ಅಮೇಲಿಯಾ ಅದಕ್ಕೂ ಐದು ವರ್ಷ ಮೊದಲು ಅಟ್ಲಾಂಟಿಕವನ್ನು ಒಂಟಿಯಾಗಿ ದಾಟಿದ್ದಳಲ್ಲ, ಅಂದು ತಮ್ಮ ಸಮುದ್ರ ಎಲ್ಲಿ ರಜೆ ಹಾಕಿತ್ತು?

ಅಕ್ಕೋರಿಗೆ ತಾವು ಮೆಮೊ ಕಳಿಸಿದ್ದೀರಿ. ಅಧಿಕೃತ ಗೋಲದ ಬದಲು ಮಣ್ಣಿನ ಗಡಿಗೆ ಬಳಸಿದ್ದೇಕೆ ಎಂದು ಕೇಳಿದ್ದೀರಿ. ಅದಕ್ಕೆ ಅವರು ಉತ್ತರ ಬರೆದುಕೊಳ್ಳಲಿ, ಅವರಿಗೆ ನನ್ನ ವಕಾಲತ್ತು ಬೇಕಿಲ್ಲ. ನನಗೆ ಬೇಕಾದದ್ದು ಬೇರೆ.

ತಾವು ಈ ತಿಂಗಳು ಮುಗಿಯುವ ಮುನ್ನ, ಹೈಸ್ಕೂಲಿನ ಪ್ರವೇಶ ಮುಚ್ಚುವ ಮುನ್ನ, ನಮ್ಮೂರಿಗೆ ಬರಬೇಕು. ಹಾರ ಹಾಕುವುದಿಲ್ಲ, ಹಂಚು ಬದಲಿಸುವುದಿಲ್ಲ. ಮೈಲಾರಲಿಂಗನ ಮನೆಯ ಮುಂದೆ ನಿಂತು, “ನಾನು ಹೇಳಿದ್ದು ತಪ್ಪು, ಮಗಳನ್ನು ಕಳಿಸು” ಎಂದು ಅವನಿಗೆ ಕೇಳುವಂತೆ ಹೇಳಬೇಕು. ಉದ್ದನೆಯ ಭಾಷಣ ಬೇಡ. ಕ್ಷಮೆ ಎಂಬ ಶಬ್ದ ಗಂಟಲಲ್ಲಿ ಸಿಕ್ಕಿಕೊಂಡರೆ ಅದನ್ನೂ ಬಿಡಿ. ಬರಲು ಜೀಪಿಲ್ಲ ಎಂದರೆ ಬಸ್ಸಿದೆ.

ನಾನೇ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಹೇಳಿದೆ. ಜೆರಿ ಮಾಕಳ ಕತೆಯನ್ನು ಪೂರ್ತಿ, ನನಗೆ ಬಂದಷ್ಟು ಚೆನ್ನಾಗಿ, ಅವನ ಪಡಸಾಲೆಯಲ್ಲಿ ಕುಳಿತು ಹೇಳಿದೆ. ಮೈಲಾರಲಿಂಗ ಮಾತುಮಾತಿಗೂ ಹೂಂ ಎಂದ. ಅವಳು ಊರು ಮುಟ್ಟಿದಾಗ ಅವನ ಕಣ್ಣು ಒದ್ದೆಯಾಗಿದ್ದವು. “ಭಾಳ ಚಲೋ ಐತಿ ಕಾಕಾ ಕತಿ,” ಎಂದ. ಮರುದಿನ ಬೆಳಗ್ಗೆ ಬಸ್ಸು ಖಾನಾಪುರಕ್ಕೆ ಹೊರಟಾಗ ಸತ್ಯವ್ವ ಅಪ್ಪನ ಬುತ್ತಿ ಹಿಡಿದು ಭಟ್ಟಿಯ ಹಾದಿಯಲ್ಲಿ ಹೋಗುತ್ತಿದ್ದಳು.

ನನ್ನ ಮಾತಿಗೆ ನಮ್ಮವರು ಹೂಂ ಅನ್ನುತ್ತಾರೆ, ಸಾಹೇಬರೇ. ನಡೆಯುವುದು ಮಾತ್ರ ತಮ್ಮ ಮಾತಿನಂತೆ.

ಇಂತಿ,
ಐವತ್ತು ವರ್ಷ ಕತೆ ಹೇಳಿಯೂ ಒಂದು ಹುಡುಗಿಯನ್ನು ಬಸ್ಸು ಹತ್ತಿಸಲಾರದ
ಹಣಮಪ್ಪ
ಖಾನಾಪುರ ತಾಲೂಕು, ಜೂನ್ ೧೯೮೩